ಮೊದಲ ಮಾತಿಗೇ ಕೈಚಾಚಿದವರು

ಮೆಹರ್ ೨೦, ಬುಧವಾರ

ಬಂತು! ಹದಿನಾರು ವರ್ಷ ಕಾದದ್ದು ಕೊನೆಗೂ ಬಂತು!

ನನ್ನ ಹಳೆಯ ವಿದ್ಯಾರ್ಥಿನಿ ಶೊಹ್ರೆ ಟೊರಾಂಟೊದಿಂದ ರಜೆಗೆ ತೆಹ್ರಾನಿಗೆ ಬಂದಿದ್ದಾಳೆ. ಅಲ್ಲಿ ಹಲ್ಲಿನ ಆಸ್ಪತ್ರೆಯಲ್ಲಿ ಕೆಲಸ ಅವಳಿಗೆ. ಬೆಳಿಗ್ಗೆ ಮನೆಗೆ ಬಂದವಳು ಕೈಚೀಲದಿಂದ ಒಂದು ವೀಡಿಯೊ ಕ್ಯಾಸೆಟ್ ತೆಗೆದು ಮೇಜಿನ ಮೇಲಿಟ್ಟಳು. ಮೇಲಿನ ಚೀಟಿಯಲ್ಲಿ ‘ಒಸಡಿನ ರೋಗಗಳು, ಭಾಗ ಎರಡು’ ಎಂದು ಬರೆದಿತ್ತು.

“ವಿಮಾನ ನಿಲ್ದಾಣದಲ್ಲಿ ತಪಾಸಣೆಯವನು ಇದೇನು ಅಂತ ಕೇಳಿದ, ಟೀಚರ್. ನೋಡ್ಬೇಕಾ ಅಣ್ಣಾ, ಕೀವು ಬರೋ ಭಾಗ ತುಂಬ ಚೆನ್ನಾಗಿದೆ ಅಂದೆ. ಮುಖ ಸಿಂಡರಿಸ್ಕೊಂಡು, ಮುಚ್ಚಮ್ಮ ತಾಯಿ, ಹೋಗು ಅಂದ!”

ಒಳಗಿರುವುದು ‘ಏಳನೆಯ ಬಂದರು’ ಎಂಬ ಅಮೆರಿಕದ ಧಾರಾವಾಹಿಯ ಕೊನೆಯ ಕಂತು. ನಲವತ್ತು ಜನರನ್ನು ಹೊತ್ತು ಬೇರೊಂದು ನಕ್ಷತ್ರಕ್ಕೆ ಹೊರಟ ಹಡಗಿನ ಕತೆ ಅದು. ಅರ್ಧ ದಾರಿಯಲ್ಲಿ ಅರ್ಧ ಇಂಧನ ಸೋರಿಹೋಗುತ್ತದೆ. ಮುಂದೆ ಹೋಗಬೇಕೆ, ಭೂಮಿಗೆ ತಿರುಗಬೇಕೆ? ಕ್ಯಾಪ್ಟನ್ ಸನ್ನೆಕೋಲಿನ ಮೇಲೆ ಕೈಯಿಟ್ಟಲ್ಲಿಗೆ ಆ ವಾರದ ಕಂತು ಮುಗಿಯಿತು. ಮುಂದಿನ ವಾರ ಟಿವಿ ಕೇಂದ್ರದವರು ಮುಷ್ಕರ ಹೂಡಿದರು, ಅದರ ಹಿಂದೆಯೇ ಕ್ರಾಂತಿ ಬಂತು, ಅದರ ಹಿಂದೆ ಯುದ್ಧ. ಕ್ಯಾಪ್ಟನ್ನಳ ಕೈ ಅಂದಿನಿಂದ ಇಂದಿನವರೆಗೆ ಆ ಸನ್ನೆಕೋಲಿನ ಮೇಲೆಯೇ ಇದೆ. ಹಡಗು ತಿರುಗಿ ಬಂದಿತು ಎಂಬುದು ನನ್ನ ವಾದ. ಮೂವತ್ತು ವರ್ಷ ಭೂಗೋಳ ಕಲಿಸಿದ್ದೇನೆ. ತಿರುಗಿ ಬಂದವರು ಇದ್ದದ್ದರಿಂದಲೇ ಜಗತ್ತಿನಲ್ಲಿ ನಕ್ಷೆಗಳಿವೆ.

ಶೊಹ್ರೆ ಕ್ಯಾಸೆಟ್ಟಿನ ಹೊರಕಾಗದವನ್ನೂ ಮಡಿಚಿ ತಂದಿದ್ದಳು. ಅದರ ಮೇಲೆ ಸಣ್ಣ ಅಕ್ಷರದಲ್ಲಿ ಅಮೆರಿಕದ ಕಡೆಯ ಎರಡು ದೇಶಗಳ ಹೆಸರು ಹಾಕಿ ‘ಈ ಎರಡು ದೇಶಗಳಲ್ಲಿ ಮಾತ್ರ ಮಾರಾಟಕ್ಕೆ ಮತ್ತು ವೀಕ್ಷಣೆಗೆ’ ಎಂದಿತ್ತು. ಓದಿ ಮೈಯೆಲ್ಲ ಉರಿಯಿತು. ಮಾರಾಟಕ್ಕೆ ಮಿತಿ ಹಾಕಲಿ, ಒಪ್ಪುತ್ತೇನೆ; ನೋಡುವುದಕ್ಕೂ ಮಿತಿಯೇ? ನಮ್ಮವರು ಹತ್ತು ವರ್ಷಕ್ಕೂ ಮಿಕ್ಕಿ ವೀಡಿಯೊ ಯಂತ್ರವನ್ನೇ ನಿಷೇಧಿಸಿದ್ದರು. ಮಕ್ಕಳಿಲ್ಲದ ನಾವು ಅಕ್ಕತಂಗಿಯರು ನೆರೆಮನೆಯ ಮಗುವಿನ ತಳ್ಳುಗಾಡಿಯಲ್ಲಿ ಯಂತ್ರವನ್ನು ಮಲಗಿಸಿ, ಕಂಬಳಿ ಹೊದಿಸಿ, ಗಲ್ಲಿಯಿಂದ ಗಲ್ಲಿಗೆ ತಳ್ಳಿಕೊಂಡು ಹೋದದ್ದನ್ನು ನಾನು ಮರೆತಿಲ್ಲ. ಈ ವರ್ಷ ನಮ್ಮವರು ನಿಷೇಧ ತೆಗೆದು ಕಣ್ಣು ಬಿಡಿ ಎಂದರೆ, ಅಮೆರಿಕದವರು ನೀವು ಮಾತ್ರ ಬಿಡಬೇಡಿ ಎನ್ನುತ್ತಾರೆ. ಕಳಿಸುವವರಿಗೆ ಕಳಿಸಲು ಇಷ್ಟವಿಲ್ಲ, ತರಿಸುವವರಿಗೆ ತರಿಸಲು ಇಷ್ಟವಿಲ್ಲ. ಚಂದ್ರನ ಮೇಲೆ ಮನುಷ್ಯ ಇಳಿದಾಗ ಇಡೀ ಮಾನವಕುಲದ ಹೆಜ್ಜೆ ಎಂದು ಆ ಅಮೆರಿಕದವರೇ ತಾನೇ ಕೂಗಿದ್ದು? ಮಾನವಕುಲದಿಂದ ನಮ್ಮನ್ನು ಯಾವಾಗ ಕೈಬಿಟ್ಟರು?

ಸಂಜೆ ಕ್ಯಾಸೆಟ್ ಹಾಕಿದೆವು. ಓರೆ ಗೆರೆಗಳು, ಬಿಳಿ ಚುಕ್ಕೆಗಳು, ನಡುವೆ ಯಾರೋ ನೀರಿನಲ್ಲಿ ಮುಳುಗಿ ಮಾತನಾಡಿದ ಸದ್ದು. ಅಮೆರಿಕದ ಕಡೆಯ ಕ್ಯಾಸೆಟ್ಟಿನ ಪದ್ಧತಿ ಬೇರೆ, ನಮ್ಮ ಟಿವಿಯದು ಬೇರೆ.

ಅಕ್ಕ ಪೂರಾನ್ ಕನ್ನಡಕ ಏರಿಸಿ, “ಹಡಗು ಕಾಣ್ತಿದೆ ಕಣೇ ತೂರಾನ್, ಮಂಜಲ್ಲಿ ಸಿಕ್ಕಾಕ್ಕೊಂಡಿದೆ ಪಾಪ,” ಎಂದಳು.

ಮೆಹರ್ ೨೨, ಶುಕ್ರವಾರ

ಕ್ರಮವಾಗಿ ಬರೆಯುತ್ತೇನೆ.

ಈ ವಾರ ಶುಕ್ರವಾರದ ಕೂಟದ ಸರದಿ ನಮ್ಮದು. ಕ್ಷಿಪಣಿಗಳು ಬೀಳುತ್ತಿದ್ದ ಕಾಲದಲ್ಲಿ ನೆಲಮಾಳಿಗೆಯಲ್ಲಿ, ‘ಏಳನೆಯ ಬಂದರು’ವಿನಂಥ ಕತೆಗಳ ಹರಟೆಗೆಂದು ಶುರುವಾದ ಕೂಟ ಇದು. ಆಗ ಹದಿನಾಲ್ಕು ಜನರಿದ್ದೆವು. ಕೆಲವರು ದೇಶ ಬಿಟ್ಟರು, ಕೆಲವರು ಲೋಕ ಬಿಟ್ಟರು, ಉಳಿದವರು ನಾವಿಬ್ಬರು ಮತ್ತು ದಂತವೈದ್ಯ ವಾರಸ್ತೆ. ಇವತ್ತು ಅವರು ಹೊಸಬರೊಬ್ಬರನ್ನು ಕರೆತಂದರು: ಜಲೀಲ್ ದೆಹ್ದಶ್ತಿ, ದಕ್ಷಿಣದ ಗಡಿಯ ಅಬಾದಾನಿನವರು, ಅಲ್ಲಿನ ಎಣ್ಣೆ ಕಾರ್ಖಾನೆಯಲ್ಲಿ ಲೆಕ್ಕದ ಯಂತ್ರಗಳನ್ನು ನಡೆಸುತ್ತಿದ್ದವರು. ಯುದ್ಧದಲ್ಲಿ ಊರು ಬಿಟ್ಟು ಬಂದವರು, ಹೆಂಡತಿಯನ್ನು ಕಳೆದುಕೊಂಡವರು. ವಾರಸ್ತೆ ಅವರಿಗೆ ಹಲ್ಲಿನ ಸೆಟ್ಟು ಮಾಡಿಕೊಟ್ಟಿದ್ದಾರೆ.

ನನ್ನ ವಾದವನ್ನು ವಾರಸ್ತೆಯಿಂದ ಕೇಳಿಕೊಂಡು ಬಂದಿದ್ದ ಆಸಾಮಿ ಕೂರುವ ಮೊದಲೇ ಜಗಳ ಶುರು ಮಾಡಿದರು.

“ಹಡಗು ತಿರುಗಿ ಬರೋದು ಸಾಧ್ಯವೇ ಇಲ್ಲ, ಖಾನುಮ್. ಓಡ್ತಿರೋ ಹಡಗನ್ನ ನಿಲ್ಲಿಸೋಕೇ ಇರೋ ಇಂಧನ ಖರ್ಚಾಗುತ್ತೆ. ಆಮೇಲೆ ತಿರುಗೋಕೆ ಏನ್ ಮಾಡ್ತೀರಿ? ಇಳಿದು ತಳ್ತೀರಾ?”

“ಮನುಷ್ಯನ ಬುದ್ಧಿ ಅನ್ನೋದೊಂದು ಇರುತ್ತೆ, ಆಘಾ.”

“ಬುದ್ಧಿ ಸುಟ್ರೆ ಹೊಗೆ ಬರುತ್ತೆ, ವೇಗ ಬರಲ್ಲ.”

ಪೂರಾನ್ ನಕ್ಕಳು. ನನ್ನ ಅಕ್ಕ, ನನ್ನ ಮನೆಯಲ್ಲಿ, ನನ್ನ ಎದುರಾಳಿಯ ಮಾತಿಗೆ ನಕ್ಕಳು.

ಆಮೇಲೆ ಅವರ ಕಣ್ಣು ಕ್ಯಾಸೆಟ್ಟಿನ ಮೇಲೆ ಬಿತ್ತು. ಕುವೈತಿನಿಂದ ತಂದ ತಮ್ಮ ಟಿವಿ ಮತ್ತು ಯಂತ್ರ ಎಲ್ಲ ಪದ್ಧತಿಯ ಕ್ಯಾಸೆಟ್ಟುಗಳನ್ನೂ ಓದುತ್ತವೆ ಎಂದರು. ಅತಿಥಿಯೊಬ್ಬರು ನಮ್ಮ ಮನೆಯ ವಸ್ತುವನ್ನು ಮೆಚ್ಚಿ ನೋಡಿದರೆ ಏನು ಹೇಳಬೇಕೋ ಅದನ್ನು ನಾನು ಹೇಳಿದೆ: “ನಿಮಗಿಂತ ಹೆಚ್ಚಾ ಇದು? ನಿಮ್ಮದೇ ಅಂದ್ಕೊಳ್ಳಿ, ತಗೊಂಡು ಹೋಗಿ.”

ಈ ದೇಶದಲ್ಲಿ ಹುಟ್ಟಿದ ಕೂಸಿಗೂ ಗೊತ್ತು. ಕೊಡುವವರು ಮೂರು ಸಲ ಕೊಡುತ್ತಾರೆ, ಪಡೆಯುವವರು ಮೂರು ಸಲ ಬೇಡ ಎನ್ನುತ್ತಾರೆ, ವಸ್ತು ಇದ್ದಲ್ಲೇ ಇರುತ್ತದೆ, ಮರ್ಯಾದೆ ಎರಡೂ ಕಡೆ ಬೆಳೆಯುತ್ತದೆ. ತಾರೂಫ್ ಎಂದರೆ ಇಷ್ಟೇ. ಸೈರಸ್ ಮಹಾರಾಜನ ಕಾಲದಿಂದ ಹೀಗೇ ನಡೆದುಬಂದಿರಬೇಕು.

ಆ ಮನುಷ್ಯ ಎದ್ದು ನಿಂತು, “ನಿಮ್ಮ ಕೈ ನೋಯದಿರಲಿ, ಖಾನುಮ್,” ಎಂದು ಧನ್ಯವಾದ ಹೇಳಿ ಕ್ಯಾಸೆಟ್ಟನ್ನು ಕೋಟಿನ ಜೇಬಿಗೆ ಹಾಕಿಕೊಂಡರು.

ವಾರಸ್ತೆಯವರ ಬಾಯಲ್ಲಿದ್ದ ಸಕ್ಕರೆ ತುಂಡು ಟೀ ಲೋಟಕ್ಕೆ ಬಿತ್ತು. ನಾನು ನಗುತ್ತಿದ್ದೆ. ಬೇರೇನು ಮಾಡಲಿ? ಬಾಗಿಲವರೆಗೆ ಹೋಗಿ ಬೀಳ್ಕೊಟ್ಟೆ. “ಮತ್ತೆ ಬನ್ನಿ” ಎಂದೂ ಹೇಳಿದೆ.

ಮೆಹರ್ ೨೩, ಶನಿವಾರ

ಬಂದೂಕು ತೋರಿಸಿ ಕಿತ್ತುಕೊಂಡಿದ್ದರೆ ಪೊಲೀಸರಿಗೆ ಹೇಳಬಹುದಿತ್ತು. ಮರ್ಯಾದೆಯಿಂದ ಕೊಟ್ಟದ್ದನ್ನು ಮರ್ಯಾದೆಯಿಂದ ವಾಪಸು ಕೇಳುವ ದಾರಿ ಯಾವ ಪುಸ್ತಕದಲ್ಲೂ ಇಲ್ಲ. ಕಪಾಟಿನಲ್ಲಿದ್ದ ಶಿಷ್ಟಾಚಾರದ ಪುಸ್ತಕಗಳೆರಡನ್ನೂ ತಿರುವಿದೆ. ಇಂಥ ಮನುಷ್ಯ ಇರಬಹುದು ಎಂದು ಬರೆದವರಿಗೆ ಹೊಳೆದೇ ಇಲ್ಲ.

ಪೂರಾನ್, “ಫೋನ್ ಮಾಡಿ ಕೇಳ್ಬಿಡೇ,” ಎಂದಳು. ಸತ್ತರೂ ಕೇಳುವುದಿಲ್ಲ.

ಮೆಹರ್ ೨೯, ಶುಕ್ರವಾರ

ವಾರಸ್ತೆಯವರ ಮನೆಯಲ್ಲಿ ಕೂಟ. ಅವರು ಬಣ್ಣದ ಪರದೆಯ ಹೊಸ ಕಂಪ್ಯೂಟರ್ ಕೊಂಡಿದ್ದಾರೆ, ಇಲಿಯಂಥದ್ದೊಂದನ್ನು ಮೇಜಿನ ಮೇಲೆ ಉಜ್ಜಿ ತೋರಿಸಿದರು. ದೆಹ್ದಶ್ತಿ ತಮ್ಮಲ್ಲೂ ಒಂದಿದೆ ಎಂದರು. ಯುದ್ಧಕ್ಕೆ ಮೊದಲು ಕೊಂಡದ್ದಂತೆ. ಪರದೆಯಿಲ್ಲದ ಬರೀ ಒಂದು ಕೀಲಿಮಣೆ. ಟಿವಿಯೇ ಅದರ ಪರದೆ, ಹಾಡಿನ ಟೇಪ್ ರೆಕಾರ್ಡರೇ ಅದರ ನೆನಪು.

“ಅಂದ್ರೆ ಟೈಪ್‌ರೈಟರ್‌ನ ಅನಾಥ ಮಗು ಅನ್ನಿ,” ಎಂದೆ ನಾನು. ಎಲ್ಲರೂ ನಕ್ಕರು. ಅವರು ಎಲ್ಲರಿಗಿಂತ ಜೋರಾಗಿ ನಕ್ಕರು. ಅದು ನನಗೆ ಹಿಡಿಸಲಿಲ್ಲ.

ಕ್ಯಾಸೆಟ್ ಇನ್ನೂ ನೋಡಿಲ್ಲವಂತೆ. “ಒಬ್ನೇ ನೋಡಿದ್ರೆ ಆಮೇಲೆ ಜಗಳ ಯಾರ ಹತ್ರ ಆಡ್ಲಿ? ಒಂದಿನ ಮನೆಗೆ ಬನ್ನಿ ಖಾನುಮ್, ಅಕ್ಕನೋರ್ನೂ ಕರ್ಕೊಂಡು ಬನ್ನಿ, ಒಟ್ಟಿಗೆ ನೋಡೋಣ.”

“ಅಯ್ಯೋ, ನಿಮಗ್ಯಾಕೆ ತೊಂದರೆ,” ಎಂದೆ. ಹಾಗೆನ್ನಲೇಬೇಕು. ಎರಡನೆಯ ಸಲ ಕರೆದಾಗಲೂ ಬೇಡವೆಂದು ಮೂರನೆಯದಕ್ಕೆ ಒಪ್ಪುವುದೆಂದು ನಿರ್ಧರಿಸಿ ತಲೆವಸ್ತ್ರ ಸರಿಮಾಡಿಕೊಂಡೆ.

“ಸರಿ ಹಾಗಾದ್ರೆ,” ಎಂದು ಹೇಳಿ ಅವರು ಪಿಸ್ತಾ ಸುಲಿಯತೊಡಗಿದರು.

ಎರಡನೆಯ ಸಲ ಕರೆಯಲೇ ಇಲ್ಲ! ದಾರಿಯುದ್ದಕ್ಕೂ ಪೂರಾನ್ ನಕ್ಕು ನಕ್ಕು ಬಿಕ್ಕಳಿಕೆ ತರಿಸಿಕೊಂಡಳು. ಇನ್ನು ಕೂಟದ ಸರದಿ ಅವರ ಮನೆಗೆ ಬಂದಾಗಲೇ ಗತಿ. ಹೊಸಬರು ಒಂದು ಋತು ಪೂರ್ತಿ ಅತಿಥಿಗಳಾಗಿಯೇ ಇರಬೇಕು, ಅಲ್ಲಿಯವರೆಗೆ ಅವರ ಮನೆಗೆ ಸರದಿ ಹೋಗಬಾರದು ಎಂಬುದು ಕೂಟದ ನಿಯಮ. ನಿಯಮ ಮಾಡಿದವಳು ನಾನೇ. ಒಳ್ಳೆಯ ನಿಯಮವೇ, ಅದರಲ್ಲಿ ಅನುಮಾನವಿಲ್ಲ.

ಆಬಾನ್ ೩, ಮಂಗಳವಾರ

ಬೀದಿ ಮೂಲೆಯಲ್ಲಿ ಪರವಾನಿಗೆ ಪಡೆದ ವೀಡಿಯೊ ಅಂಗಡಿ ತೆರೆದಿದೆ. ಹಕ್ಕಿನ ಪ್ರಶ್ನೆಯೆಂದು ಹೋದೆ. ‘ಏಳನೆಯ ಬಂದರು’ ಇದೆಯೇ ಎಂದರೆ ಅಂಗಡಿಯವನು ಗಡ್ಡ ಕೆರೆದುಕೊಂಡು, “ಬಂದರು ಇಲ್ಲ ತಾಯಿ. ಜೇನುಸಾಕಣೆ ಇದೆ, ಕೊಡ್ಲಾ? ತುಂಬ ಕುತೂಹಲವಾಗಿದೆ, ಕೊನೆಗೆ ರಾಣಿ ಸಾಯುತ್ತೆ,” ಎಂದ.

ಅಂತ್ಯವನ್ನು ಹೇಳಿಬಿಟ್ಟನಲ್ಲ, ನಾಚಿಕೆಯಿಲ್ಲದವನು! ಆದರೂ ತಂದೆವು. ಪೂರಾನ್ ಅತ್ತಳು.

ದೆಹ್ದಶ್ತಿಗೆ ಇದನ್ನು ಹೇಳಿದರೆ ಹೇಗೆ ನಗಬಹುದು!

ಆಬಾನ್ ೨೦, ಶುಕ್ರವಾರ

ಇವತ್ತು ದೆಹ್ದಶ್ತಿ ಆ ಹಳೆಯ ಯಂತ್ರವನ್ನು ದಿಂಬಿನ ಚೀಲದಲ್ಲಿ ಹಾಕಿಕೊಂಡು ನಮ್ಮ ಮನೆಗೆ ಬಂದರು. ನಮ್ಮ ಟಿವಿಗೆ ತಂತಿ ಸಿಕ್ಕಿಸಿ, ಟೇಪ್ ರೆಕಾರ್ಡರ್ ಒತ್ತಿದರು. ಅದು ಕಿರುಚತೊಡಗಿತು. ಪೂರಾನ್ ಕಿವಿ ಮುಚ್ಚಿಕೊಂಡು, “ಯಾರದ್ದೋ ಬೆಕ್ಕಿಗೆ ಹೆರಿಗೆ ನೋವು!” ಎಂದಳು. ಒಂದು ಸಮೋವರ್ ಟೀ ಖಾಲಿಯಾಗುವಷ್ಟು ಹೊತ್ತು ಕಿರುಚಿತು. ಆಮೇಲೆ ಪರದೆಯ ಮೇಲೆ ಒಂದು ಹಸಿರು ಚುಕ್ಕೆ ಮೂಡಿತು. ಅದು ನಮ್ಮ ಹಡಗು. ಅವರು ಕಂತುಗಳನ್ನೆಲ್ಲ ನೆನಪಿನಿಂದ ಕೆದಕಿ ತೂಕ, ವೇಗ, ಇಂಧನ ಎಲ್ಲವನ್ನೂ ಲೆಕ್ಕ ಹಾಕಿದ್ದಾರೆ. ಚುಕ್ಕೆ ನಿಧಾನವಾಗಿ ಬಾಗಿ ತಿರುಗಲು ಹೋಯಿತು, ತಿರುಗುತ್ತಾ ತಿರುಗುತ್ತಾ ನಿಂತುಬಿಟ್ಟಿತು.

“ನೋಡಿ ಖಾನುಮ್. ಇಲ್ಲಿ ಇಂಧನ ಮುಗೀತು.”

ವಾರಸ್ತೆ, “ನನ್ನ ಯಂತ್ರ ಇದನ್ನ ಕಣ್ಣು ಮಿಟುಕಿಸೋದ್ರೊಳಗೆ ಮಾಡುತ್ತೆ. ಈ ಗುಜರಿನ ಯಾಕಪ್ಪಾ ಹೊತ್ಕೊಂಡು ತಿರುಗ್ತೀಯಾ, ಜಲೀಲ್?” ಎಂದರು.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. “ಡಾಕ್ಟ್ರೇ, ನಿಮ್ಮ ಯಂತ್ರ ಕೊಂಡ ದಿನದಿಂದ ಇಸ್ಪೀಟಾಟ ಬಿಟ್ಟು ಬೇರೇನಾದ್ರೂ ಮಾಡಿದೆಯಾ? ಇದು ಕೂಗಾಡಿದ್ರೂ ಒಂದು ಹಡಗು ನಡೆಸ್ತು. ಮನುಷ್ಯ ಚಂದ್ರನ ಮೇಲೆ ಹೋದಾಗ ಇದಕ್ಕಿಂತ ಬಡ ಯಂತ್ರ ಇತ್ತು ಅವನ ಹತ್ರ, ಗೊತ್ತಿರಲಿ!” ಎಂದುಬಿಟ್ಟೆ. ನ್ಯಾಯದ ಪ್ರಶ್ನೆ, ಯಾರ ಯಂತ್ರವಾದರೂ ಹೀಗೇ ಹೇಳುತ್ತಿದ್ದೆ.

ದೆಹ್ದಶ್ತಿ ದಿಂಬಿನ ಚೀಲ ಮಡಿಸುತ್ತಾ ಹೇಳಿದರು. ಅಬಾದಾನಿನ ಮೇಲೆ ಗುಂಡುಗಳು ಬೀಳುತ್ತಿದ್ದಾಗ ಮನೆಯಿಂದ ಒಂದೊಂದು ವಸ್ತು ಎತ್ತಿಕೊಳ್ಳಲು ಮಾತ್ರ ಸಮಯವಿತ್ತಂತೆ. ಹೆಂಡತಿ ಹೊಲಿಗೆ ಯಂತ್ರ ಎತ್ತಿಕೊಂಡರು, ಇವರು ಇದನ್ನು. “ಕಾರ್ಪೆಟ್ ಬಿಟ್ಟು ಆಟಿಕೆ ತಂದ ಗಂಡ ಅಂತ ಕೊನೇವರೆಗೂ ಬೈದಳು, ಪುಣ್ಯಾತ್ಗಿತ್ತಿ. ನಮ್ಮೂರ ಖರ್ಜೂರದ ತೋಟ ನೋಡ್ಬೇಕಿತ್ತು ನೀವು. ಒಂದೊಂದು ಹಣ್ಣೂ ನಿಮ್ಮ ತೆಹ್ರಾನಿನ ಕಲ್ಲಂಗಡಿಯಷ್ಟು!”

“ಅಬಾದಾನಿನವರ ಬಡಾಯಿ,” ಎಂದೆ.

“ಬಡಾಯಿ ಮಾತ್ರ ಉಳಿದಿರೋದು, ಖಾನುಮ್. ಮರಗಳೆಲ್ಲ ಸುಟ್ಟುಹೋದ್ವು. ಅದಕ್ಕೇ ಹೇಳೋದು, ಹಡಗು ತಿರುಗಿ ಬರಲ್ಲ. ತಿರುಗೋಕೆ ಬಂದರು ಇರಬೇಕಲ್ಲ.”

ನಾನು ಇನ್ನೊಂದು ಲೋಟ ಟೀ ಬಗ್ಗಿಸಿಕೊಟ್ಟೆ. ಜೇನಿನ ಕತೆ ಹೇಳಿದೆ. ನಾನು ಅಂದುಕೊಂಡ ಹಾಗೆಯೇ ನಕ್ಕರು. ಹಲ್ಲಿನ ಸೆಟ್ಟು ಕಳಚುವಷ್ಟು.

ಆಜ಼ರ್ ೩, ಗುರುವಾರ

ಹುಣಿಸೆ ಹುಳಿ ಹಾಕಿದ ಮೀನಿನ ಸಾರು ಮಾಡಿದೆ. ದಕ್ಷಿಣದವರ ಅಡುಗೆ. ಭೂಗೋಳ ಕಲಿಸಿದವಳಿಗೆ ಪ್ರಾಂತ್ಯಗಳ ಆಹಾರದ ಪರಿಚಯವಿರಬೇಕು. ಖಾರ ಜಾಸ್ತಿಯಾಗಿ ಇಬ್ಬರ ಮೂಗೂ ಸೋರಿತು. ನಾಳೆ ಕೂಟ ನಮ್ಮಲ್ಲೇ, ಖಾರ ತಗ್ಗಿಸಬಾರದೆಂದು ತೀರ್ಮಾನಿಸಿದ್ದೇನೆ. ನೀಲಿ ತಲೆವಸ್ತ್ರ ಒಗೆದು ಹಾಕಿದೆ. ಬೂದಿ ಬಣ್ಣದ್ದು ಕಾಣಿಸುತ್ತಿಲ್ಲ.

“ಕಾಣಿಸ್ದೆ ಏನು, ನಿನ್ನ ತಲೆ ಮೇಲೇ ಇದೆಯಲ್ಲೇ,” ಎಂದಳು ಪೂರಾನ್. ಅವಳಿಗೆ ವಯಸ್ಸಾಯಿತು.

ಆಜ಼ರ್ ೧೧, ಶುಕ್ರವಾರ

ದೆಹ್ದಶ್ತಿ ಅಬಾದಾನಿಗೆ ವಾಪಸು ಹೋಗುತ್ತಾರಂತೆ.

ಕಾರ್ಖಾನೆಯನ್ನು ಮತ್ತೆ ಕಟ್ಟಿದ್ದಾರೆ, ಹಳಬರನ್ನು ಕರೆಯುತ್ತಿದ್ದಾರೆ. ಹೊಸ ಹುಡುಗರಿಗೆ ಕಲಿಸಲು ಜನ ಬೇಕಂತೆ. ಅವರು ಇನ್ನೂ ಉತ್ತರ ಕೊಟ್ಟಿಲ್ಲ. ವಾರಸ್ತೆ ಇದನ್ನು ಕಿತ್ತಳೆ ಸುಲಿಯುತ್ತಾ, ಹವಾಮಾನದ ಸುದ್ದಿಯಂತೆ ಹೇಳಿದರು.

ನನ್ನ ಕ್ಯಾಸೆಟ್ಟಿನೊಂದಿಗೆ ಹೋಗುತ್ತಾರೆ! ನನಗೆ ಕೋಪ ಬಂದಿರುವುದು ಅದಕ್ಕೇ, ಕೇವಲ ಅದಕ್ಕೇ. ಹದಿನಾರು ವರ್ಷದ ಕಾಯುವಿಕೆ ಒಬ್ಬರ ಪೆಟ್ಟಿಗೆಯಲ್ಲಿ ಸೇರಿ ಕೊಲ್ಲಿಯ ದಡ ಸೇರಬೇಕೆ?

ಊಟ ಸೇರಲಿಲ್ಲ.

ಆಜ಼ರ್ ೧೮, ಶುಕ್ರವಾರ

ಇವತ್ತಿನ ವಾಗ್ವಾದವನ್ನು ಯಾರಾದರೂ ಮುದ್ರಿಸಬೇಕಿತ್ತು.

ಟೀ ಬರುವ ಮೊದಲೇ ನಾನು ಶುರು ಮಾಡಿದೆ. ಹಡಗು ತಿರುಗಬಾರದು, ತಿರುಗುವುದು ಹೇಡಿತನ, ಬಿಟ್ಟು ಬಂದ ಭೂಮಿ ಅಲ್ಲಿ ಹಾಗೆಯೇ ಕಾದು ಕುಳಿತಿರುತ್ತದೆಯೇ? ನಲವತ್ತು ಜನ ಹಡಗಿನಲ್ಲೇ ಒಂದು ಬದುಕು ಕಟ್ಟಿಕೊಂಡಿದ್ದಾರೆ, ಶುಕ್ರವಾರಗಳಿವೆ, ಸ್ನೇಹಿತರಿದ್ದಾರೆ, ಅದೇನು ಲೆಕ್ಕಕ್ಕಿಲ್ಲವೇ?

“ಹಡಗಿನಲ್ಲಿ ಶುಕ್ರವಾರ ಎಲ್ಲಿಂದ ಬಂತು?” ಎಂದರು ವಾರಸ್ತೆ.

“ನೀವು ಸುಮ್ನಿರಿ ಡಾಕ್ಟ್ರೇ!”

ದೆಹ್ದಶ್ತಿ ಮುಂದಕ್ಕೆ ಬಾಗಿ, “ಇಲ್ಲ ಖಾನುಮ್, ನಾನು ಮತ್ತೆ ಲೆಕ್ಕ ಹಾಕ್ದೆ. ದಾರಿಯಲ್ಲಿ ಒಂದು ಗ್ರಹ ಸಿಕ್ರೆ, ಅದರ ಸೆಳೆತಾನೇ ಹಡಗನ್ನ ಬೀಸಿ ತಿರುಗಿಸುತ್ತೆ. ಇಂಧನ ಸಾಕಾಗುತ್ತೆ. ಬರಬಹುದು,” ಎಂದರು.

“ಯಾವ ಗ್ರಹ? ಯಾವ ಕಂತಿನಲ್ಲೂ ಗ್ರಹ ಇಲ್ಲ! ಅನುಕೂಲಕ್ಕೆ ಗ್ರಹ ಹುಟ್ಟಿಸ್ತೀರಾ?”

“ಬಂದರು ಸುಟ್ಟುಹೋಗಿದ್ರೂ ನದಿ ಇರುತ್ತಲ್ಲ ಖಾನುಮ್, ನೀವೇ ತಾನೇ ಕಲಿಸಿದ್ದು?”

“ನಾನು ಕಲಿಸಿದ್ದು ಎಂಟನೇ ಕ್ಲಾಸಿನ ಹುಡುಗಿಯರಿಗೆ!”

ಪೂರಾನ್ ಹೆಣಿಗೆಯ ಕಡ್ಡಿಯಿಂದ ಮೇಜು ಬಡಿದಳು. “ಇಬ್ರೂ ಕೇಳಿ. ಇವಳು ಹದಿನಾರು ವರ್ಷದಿಂದ ಹಡಗು ಬರುತ್ತೆ ಅಂತಿದ್ಲು, ನೀವು ಬರಲ್ಲ ಅಂತಿದ್ರಿ. ಈಗ ನೀವು ಬರುತ್ತೆ ಅಂತೀರಾ, ಇವಳು ಬರಲ್ಲ ಅಂತಾಳೆ. ನಂಗೆ ತಲೆನೋವು ಬಂತು. ಆ ಕ್ಯಾಸೆಟ್ ಹಾಕಿ ನೋಡಿ ಮುಗಿಸ್ರಪ್ಪಾ!”

ಋತು ಮುಗಿಯದೆ ಅವರ ಮನೆಗೆ ಸರದಿ ಹೋಗುವಂತಿಲ್ಲ ಎಂದು ವಾರಸ್ತೆ ನೆನಪಿಸಿದರು. ಚಳಿ ಬಿದ್ದಾಗಿದೆ, ಪರ್ವತದ ಮೇಲೆ ಹಿಮ ಕಾಣುತ್ತಿದೆ. ಋತು ಎಂಬುದು ಪಂಚಾಂಗದ ಹಾಳೆಯಲ್ಲ, ಭೌಗೋಳಿಕ ವಿದ್ಯಮಾನ ಎಂದು ನಾನು ವಿವರಿಸಿದೆ. ಮುಂದಿನ ಶುಕ್ರವಾರ ಅವರ ಮನೆಯಲ್ಲಿ ಎಂದು ತೀರ್ಮಾನವಾಯಿತು.

ಎಲ್ಲರೂ ಹೋದ ಮೇಲೆ ಪೂರಾನ್ ಕೇಳಿದಳು: “ಮೂರು ಸಲ ಬೇಡ ಅನ್ನಬೇಕು ಅಂತ ಅವನಿಗೆ ಗೊತ್ತಿರಲಿಲ್ಲ ಅಂದ್ಕೊಂಡ್ಯಾ?”

“ಅಬಾದಾನಿನವರು ಒರಟರು ಅಕ್ಕಾ, ಅವರಿಗೆ ಇವೆಲ್ಲ ಬರಲ್ಲ.”

“ಹೌದು ಹೌದು,” ಎಂದಳು. ಅವಳು ಯಾಕೆ ಹಾಗೆ ನೋಡಿದಳೋ.

ಆಜ಼ರ್ ೨೫, ಶುಕ್ರವಾರ

ಈಗಷ್ಟೇ ಬಂದೆವು. ಕೋಟು ಬಿಚ್ಚದೆ ಬರೆಯುತ್ತಿದ್ದೇನೆ.

ಅವರ ಮನೆ ಎರಡೇ ಕೋಣೆ. ಆದರೆ ಅಚ್ಚುಕಟ್ಟು. ಕಿಟಕಿಯಲ್ಲಿ ತುಪ್ಪದ ಡಬ್ಬಿಯಲ್ಲಿ ಬೆಳೆಸಿದ ಖರ್ಜೂರದ ಸಸಿ ಇದೆ, ಗೇಣುದ್ದ. ತೆಹ್ರಾನಿನ ಚಳಿಗೆ ಅದಕ್ಕೊಂದು ಉಣ್ಣೆಯ ಕಾಲುಚೀಲ ತೊಡಿಸಿದ್ದಾರೆ! ನೋಡಿ ನಗು ತಡೆಯಲಾಗಲಿಲ್ಲ. ಮೀನು ಅವರೇ ಮಾಡಿದ್ದರು. ನನ್ನದಕ್ಕಿಂತ ಚೆನ್ನಾಗಿತ್ತು, ನಾನು ಹೇಳಲಿಲ್ಲ. ಊಟದ ನಡುವೆ ಯಾರಿಗೋ ದವಡೆ ಊದಿಕೊಂಡಿದೆಯೆಂದು ಫೋನ್ ಬಂದು ವಾರಸ್ತೆ ಗೊಣಗುತ್ತಾ ಹೋದರು. ಕ್ಯಾಸೆಟ್ ಹಾಕಿದರು. ಚಿತ್ರ ಕನ್ನಡಿಯಂತೆ ಬಂತು. ಅದೇ ಕ್ಯಾಪ್ಟನ್, ಅದೇ ಸನ್ನೆಕೋಲು. ನನ್ನ ಎದೆ ಹದಿನೈದರ ಹುಡುಗಿಯದರಂತೆ ಬಡಿದುಕೊಂಡಿತು. ಪೂರಾನ್ ಮೀನಿನ ಭಾರಕ್ಕೆ ದಿಂಬಿಗೊರಗಿ ನಿದ್ದೆಹೋದಳು.

ನಾನು ಕೇಳಿದೆ, ಮೆಲ್ಲಗೆ, ಕೇವಲ ಮಾಹಿತಿಗಾಗಿ: “ಕಾರ್ಖಾನೆಯೋರಿಗೆ ಏನು ಉತ್ತರ ಕೊಟ್ರಿ?”

“ಕೊಟ್ಟಿಲ್ಲ. ವರ್ಷದಲ್ಲಿ ನಾಲ್ಕು ತಿಂಗಳು ಬಂದು ಕಲಿಸಿದ್ರೂ ಸಾಕು ಅಂತಾರೆ. ಚಳಿಗಾಲ ಅಲ್ಲಿ, ಬೇಸಿಗೆ ಇಲ್ಲಿ. ವಲಸೆ ಹೋಗೋ ಬಾತುಕೋಳಿಗಳ ಹಾಗೆ.”

“ಬಾತುಕೋಳಿಗಳು ಜೋಡಿಯಲ್ಲಿ ಹೋಗ್ತವೆ,” ಎಂದೆ. ಅದು ಪ್ರಾಣಿಶಾಸ್ತ್ರದ ಮಾತು.

ಅವರು ಟಿವಿಯ ಕಡೆ ನೋಡುತ್ತಿರಲಿಲ್ಲ. “ತೂರಾನ್ ಖಾನುಮ್, ನೀವು ನಮ್ಮೂರ ಅರ್ವಂದ್ ನದಿ ನೋಡಿದ್ದೀರಾ?”

“ಮೂವತ್ತು ವರ್ಷ ಕಲಿಸಿದ್ದೀನಿ. ಉದ್ದ, ಆಳ, ಮುಖಜಭೂಮಿ...”

“ನೋಡಿದ್ದೀರಾ?”

ನೋಡಿಲ್ಲ ಎಂದೆ. ಸಂಜೆ ಉಬ್ಬರ ಬಂದಾಗ ನದಿ ಹಿಂದಕ್ಕೆ ಹರಿಯುತ್ತದೆ ಎಂದರು. ಅದು ಹಿಂದಕ್ಕೆ ಹರಿಯುವುದಲ್ಲ, ಸಮುದ್ರದ ಒತ್ತಡ ಎಂದು ನಾನು ತಿದ್ದಿದೆ. ದಡದಲ್ಲಿ ನಿಂತು ನೋಡಿ ಆಮೇಲೆ ಹೇಳಿ ಎಂದರು. ಸುಟ್ಟ ಖರ್ಜೂರದ ಬುಡದಿಂದ ಹೊಸ ಕುಡಿ ಬರುತ್ತದೆಂದು ಅವರು, ಕಾಂಡದ ತುದಿ ಸುಟ್ಟರೆ ಮುಗಿಯಿತೆಂದು ನಾನು. ಅವರು ಎದ್ದು ಕಿಟಕಿಯ ಸಸಿಯನ್ನೇ ತಂದು ನನ್ನ ಮಡಿಲಲ್ಲಿಟ್ಟು, “ಇದು ಅಂಥ ಬುಡದಿಂದ ಕಿತ್ತದ್ದು. ಕಳೆದ ವರ್ಷ ಊರಿಗೆ ಹೋದೋರು ತಂದುಕೊಟ್ರು,” ಎಂದರು. ನಾನು ಸೋತೆ. ಸೋತು ಇಷ್ಟು ನಕ್ಕದ್ದು ನೆನಪಿಲ್ಲ. ಆಮೇಲೆ ಕೇಳಿದರು, ಸಸಿಯ ಕಾಲುಚೀಲ ಸರಿಮಾಡುತ್ತಾ, ನನ್ನ ಮುಖ ನೋಡದೆ, ಬಂದು ನದಿ ನೋಡುತ್ತೀರಾ ಎಂದು. ನಾನು ಏನೋ ಹೇಳಿದೆ. ಏನು ಹೇಳಿದೆನೆಂದರೆ, ಬರುತ್ತೇನೆ ಎಂದೆ.

ಅಷ್ಟರಲ್ಲಿ ಪೂರಾನ್ ಎದ್ದಳು. ಟಿವಿಯಲ್ಲಿ ಬರೀ ಚುಕ್ಕೆಗಳು.

ವಾಪಸು ಬರುವಾಗ ಟ್ಯಾಕ್ಸಿಯಲ್ಲಿ ಎಷ್ಟು ಮಾತನಾಡಿದೆನೋ! ಅಬಾದಾನಿನ ರೈಲು ಖೊರ್ರಮ್‌ಶಹರದವರೆಗೆ ಹೋಗುತ್ತದೆ, ಅಲ್ಲಿಂದ ಬಸ್ಸು. ಈ ತಿಂಗಳಲ್ಲಿ ಅಲ್ಲಿ ತೆಳ್ಳನೆಯ ಕೋಟು ಸಾಕು. ಪೂರಾನ್ ಕೂಡ ಬರಬೇಕು, ಇದು ಶೈಕ್ಷಣಿಕ ಪ್ರವಾಸ. ಚಾಲಕ ಕನ್ನಡಿಯಲ್ಲಿ ನೋಡಿ ನಗುತ್ತಿದ್ದ, ಯಾಕೋ ತಿಳಿಯದು.

ಬಾಗಿಲ ಬೀಗ ತೆಗೆಯುತ್ತಾ ಪೂರಾನ್ ಕೇಳಿದಳು: “ಅದಿರ್ಲಿ, ಹಡಗು ಕೊನೆಗೆ ಏನಾಯ್ತೇ?”

ನಾನು ಹೊಸ್ತಿಲಲ್ಲಿ ನಿಂತುಬಿಟ್ಟೆ. ಹದಿನಾರು ವರ್ಷ! ಎರಡೂ ಕಡೆಯವರ ನಿಷೇಧ ದಾಟಿ, ಒಸಡಿನ ಕೀವಿನ ಹೆಸರಲ್ಲಿ ಸಮುದ್ರ ದಾಟಿ ಬಂದದ್ದು ನನ್ನಿಂದ ಎರಡು ಗಜ ದೂರದಲ್ಲಿ ನಡೆದು ಮುಗಿಯಿತು. ಕ್ಯಾಪ್ಟನ್ ಯಾವ ಕಡೆಗೆ ಎಳೆದಳೋ, ನನಗೆ ಗೊತ್ತಿಲ್ಲ.

ಇದು ಪೂರ್ತಿ ದೆಹ್ದಶ್ತಿಯವರ ತಪ್ಪು. ಫೋನ್ ಮಾಡಿ ನೇರವಾಗಿ ಹೇಳಿದೆ. ಅವರು ಕೇಳಿದರು: “ಯಾವ ಹಡಗು?”